ಹದಿಮೂರು-ಎ ಮಹಡಿಯ ಪ್ಯಾರಿಸ್

ಮೊನ್ನೆ ಕ್ವಾಲಾಲಂಪುರದ ಮಾಂಟ್ ಕಿಯಾರಾದಲ್ಲಿ ನಾವು ಮೊದಲಿದ್ದ ಕಾಂಡೋ ಕಟ್ಟಡಕ್ಕೆ ಹೋಗಿದ್ದೆ. ಹಳೆಯ ನೆರೆಯಾಕೆ ಮಿಸೆಸ್ ಟಾನ್ ಊಟಕ್ಕೆ ಕರೆದಿದ್ದರು. ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಮಜ್ಜಿಗೆ ಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ನೆಲ ಒರೆಸುವ ನೀರಿಗೆ ಅವರು ಹಾಕುವ ದ್ರಾವಣ ಇಷ್ಟು ವರ್ಷವಾದರೂ ಬದಲಾಗಿಲ್ಲ. ಮಿಸೆಸ್ ಟಾನ್ ಮನೆ ಬಲಕ್ಕೆ ಎರಡನೆಯದು. ನನ್ನ ಕಾಲು ಮಾತ್ರ ನನ್ನನ್ನು ಕೇಳದೆ ಎಡಕ್ಕೆ ತಿರುಗಿ, ಇಡೀ ಮಹಡಿ ಸುತ್ತಿಸಿ ಅವರ ಬಾಗಿಲಿಗೆ ತಂದು ನಿಲ್ಲಿಸಿತು. ಅವರ ಚಪ್ಪಲಿ ಗೂಡಿನ ಮೇಲೆ ಗೋಡೆಗೆ ಅಂಟಿಸಿದ್ದ ಚೀಟಿ ಇನ್ನೂ ಇತ್ತು. ಬಣ್ಣ ಮಾಸಿದೆ, ಒಂದು ಮೂಲೆ ಹರಿದಿದೆ. ಅದರ ಮೇಲೆ ಎಂಟು ಎಂಬ ಕನ್ನಡ ಅಂಕಿ, ಅದರ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಮಾನು. ಬರೆದದ್ದು ನನ್ನ ಅತ್ತೆ. ಒಳಗೆ ಸೂಪು ಆರುತ್ತಿದೆ ಎಂದು ಮಿಸೆಸ್ ಟಾನ್ ಎರಡು ಸಲ ಕರೆಯುವವರೆಗೂ ನಾನು ಅಲ್ಲೇ ನಿಂತಿದ್ದೆ.

ಅದು ಎರಡು ಸಾವಿರದ ಇಪ್ಪತ್ತು. ಅತ್ತೆ ವಿಮಲಾಬಾಯಿ ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಟೀಚರಾಗಿದ್ದವರು. ದೂರದ್ದು ಚಿಕ್ಕದಾಗಿ ಕಾಣುವುದನ್ನು ಕಾಗದದ ಮೇಲೆ ತರುವುದು ಹೇಗೆ ಎಂಬ ಪಾಠಕ್ಕೆ ಪ್ರತಿ ವರ್ಷವೂ ಬೋರ್ಡಿನ ಮೇಲೆ ಒಂದೇ ಚಿತ್ರ ಬರೆಯುತ್ತಿದ್ದರಂತೆ. ಅಗಲವಾದ ರಸ್ತೆ, ಎರಡೂ ಕಡೆ ಸಾಲುಮರ, ಗೆರೆಗಳೆಲ್ಲ ಹೋಗಿ ಕೂಡುವಲ್ಲಿ ಒಂದು ಚುಕ್ಕಿ, ಚುಕ್ಕಿಯ ಮೇಲೊಂದು ಕಮಾನು. ಪ್ಯಾರಿಸ್ಸಿನ ದೊಡ್ಡ ರಸ್ತೆಯ ಚಿತ್ರ ಅದು, ಯಾವುದೋ ಹಳೆಯ ಪುಸ್ತಕದಲ್ಲಿ ನೋಡಿ ಕಲಿತದ್ದು. "ಮೂವತ್ತು ವರ್ಷ ಆ ಚುಕ್ಕಿ ಬರದೀನಿ. ಒಮ್ಮೆ ಅಲ್ಲಿ ಮಟಾ ನಡಕೊಂಡು ಹೋಗಿ, ಅದು ಎಷ್ಟು ದೊಡ್ಡದಾಗತದ ನೋಡಬೇಕು," ಎಂಬುದು ಅವರ ಒಂದೇ ಆಸೆ. ನನ್ನ ಗಂಡ ರಾಘು ಏಪ್ರಿಲ್ಲಿಗೆ ಎಲ್ಲರಿಗೂ ಟಿಕೆಟ್ ಮಾಡಿಸಿದ. ಅತ್ತೆ ಫೆಬ್ರವರಿಯಲ್ಲೇ ಕ್ವಾಲಾಲಂಪುರಕ್ಕೆ ಬಂದಿಳಿದರು. ನನಗೆ ಪ್ಯಾರಿಸ್ ಬೇಕಿತ್ತು, ಅತ್ತೆಯೊಂದಿಗೆ ಎರಡು ತಿಂಗಳು ಬೇಕಿರಲಿಲ್ಲ. ಇದನ್ನು ಮುಚ್ಚಿಟ್ಟು ಏನಾಗಬೇಕು, ಅವರಿಗೂ ಗೊತ್ತಿತ್ತು. ಮೈಸೂರಿನ ಸೊಸೆ ಸಾರಿಗೆ ಬೆಲ್ಲ ಹಾಕುವುದು ಅವರಿಗೆ ಸೇರದು, ಅವರು ಪ್ರತಿಯೊಂದಕ್ಕೂ ತಿದ್ದುಪಡಿ ಹೇಳುವುದು ನನಗೆ ಸೇರದು.

ಮಾರ್ಚ್ ಮೊದಲ ವಾರ ರಾಘು ಆಫೀಸಿನ ಕೆಲಸಕ್ಕೆಂದು ಎರಡೇ ವಾರಕ್ಕೆ ಬೆಂಗಳೂರಿಗೆ ಹೋದ. ಅವನು ಹೋದ ಮೂರನೇ ದಿನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗಡೆ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಒಳಗೆ ಸಲಾಕೆ ಕೂರಿಸಿದರು. ಅವರನ್ನು ಮನೆಗೆ ಕರೆತಂದು ಎರಡು ದಿನವಾಗಿತ್ತು, ದೇಶವೇ ಬಾಗಿಲು ಹಾಕಿಕೊಂಡಿತು. ರಾಘು ಅಲ್ಲಿ, ನಾವು ಇಲ್ಲಿ. ನಾನು, ಎದ್ದು ಕೂರಲಾರದ ಅತ್ತೆ, ಹನ್ನೊಂದು ವರ್ಷದ ಮಗಳು ಅನಿ. ಮನೆಗೊಬ್ಬರು ಮಾತ್ರ ದಿನಸಿಗೆ ಹೊರಗೆ ಹೋಗಬಹುದಿತ್ತು. ವ್ಯಾಯಾಮ ಮಾಡಿಸಲು ಬರಬೇಕಿದ್ದ ಹುಡುಗಿ ಬರಲಾರೆ ಅಂದಳು. ದಿಕ್ಕು ತೋಚದೆ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಶೆಟ್ಟಿ ಡಾಕ್ಟರಿಗೆ ಫೋನು ಹಚ್ಚಿದೆ. ಉಡುಪಿ ಕಡೆಯವರು, ಕನ್ನಡದವರ ಹಬ್ಬದ ಊಟದಲ್ಲಿ ಪರಿಚಯವಾದವರು.

"ಮೂಳೆ ಕೂಡ್ತದೆ, ಅದಕ್ಕೆ ಹೆದ್ರಬೇಡಿ," ಅಂದರು ಅವರು. "ಆದ್ರೆ ಈ ವಯಸ್ಸಲ್ಲಿ ಆರು ತಿಂಗಳೊಳಗೆ ಸರಿಯಾಗಿ ನಡೆದ್ರೆ ನಡೆದ ಹಾಗೆ. ಇಲ್ಲಾಂದ್ರೆ ಮತ್ತೆ ವೀಲ್‌ಚೇರೇ. ಸುಮ್ಮನೆ ಸಮಾಧಾನಕ್ಕೆ ಹೇಳುವುದಿಲ್ಲ ನಾನು."

ಸ್ಪೀಕರ್ ಹಾಕಿದ್ದೆ ಎಂಬುದು ಆಮೇಲೆ ನೆನಪಾಯಿತು. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಅಳುತ್ತಿದ್ದಾರೇನೋ ಎಂದು ಹತ್ತಿರ ಹೋದೆ. ಅವರು ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದರು.

ನಾವು ವಿಮಾನ ಹತ್ತಬೇಕಿದ್ದ ದಿನ ಬಂತು. ವಿಮಾನ ಯಾವತ್ತೋ ರದ್ದಾಗಿತ್ತು. ಅವತ್ತು ಬೆಳಿಗ್ಗೆ ನಾನು ಕಾಫಿ ತಂದರೆ ಅತ್ತೆ ಸೀರೆ ಉಟ್ಟು, ತಲೆ ಬಾಚಿ, ಮಂಚದ ತುದಿಗೆ ಕೂತಿದ್ದರು. ಅಷ್ಟು ಮಾಡಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತೋ.

"ಆ ವಾಕರ್ ಕೊಡಿಲ್ಲೆ," ಅಂದರು.

"ಎಲ್ಲಿಗೆ ಅತ್ತೆ?"

"ಎಲ್ಲಿಗಂದ್ರ? ಇವತ್ತ ಹೊರಡೂದಿತ್ತಲ್ಲ. ವಿಮಾನ ಇಲ್ಲಂದ್ರ ಏನಾತು, ಹೊರಡೂ ದಿನ ಹೊರಡೂದs."

ಮಂಚದಿಂದ ಬಾಲ್ಕನಿಗೆ ಹನ್ನೊಂದು ಹೆಜ್ಜೆ. ಅರ್ಧ ಗಂಟೆ ಆಯಿತು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಹಿಡಿಯಲು ಹೋದ ನನ್ನ ಕೈಗೆ ಪಟ್ಟೆಂದು ಒಂದು ಬಿತ್ತು.

ಆಮೇಲೆ ಮಗಳು ಪ್ಯಾರಿಸ್ಸಿನ ನಕಾಶೆಯನ್ನು ಪ್ರಿಂಟ್ ತೆಗೆದು ತಂದಳು. ಆ ಊರನ್ನು ಇಪ್ಪತ್ತು ವಾರ್ಡು ಮಾಡಿದ್ದಾರೆ. "ಅಜ್ಜಿ, ಲುಕ್, ಇಟ್ ಗೋಸ್ ರೌಂಡ್ ಲೈಕ್ ಅ ಸ್ನೇಲ್," ಅಂದಳು ಅನಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. ಅತ್ತೆ ಕನ್ನಡಕ ಏರಿಸಿ, ಹೊಳೆಯ ದಡದ ಒಂದನೇ ನಂಬರಿನಿಂದ ಶುರು ಮಾಡಿ ಬೆರಳು ಆಡಿಸಿಕೊಂಡು ಹೋದರು. ಎರಡು, ಮೂರು, ನಾಲ್ಕು, ಬಲಕ್ಕೆ ಸುತ್ತುತ್ತಾ, ದೊಡ್ಡದಾಗುತ್ತಾ, ಇಪ್ಪತ್ತರವರೆಗೆ.

"ಇದು ಪ್ರದಕ್ಷಿಣಿ ಹಾಕ್ಯದಲ್ಲವಾ ಊರು," ಅಂದರು. ಅವರ ಮುಖದಲ್ಲಿ ತಿಂಗಳ ನಂತರ ಮೊದಲ ಸಲ ನಗು ಕಂಡೆ. "ನಡುವಿನಿಂದ ಎದ್ದು ಬಲಕ್ಕ ಸುತ್ತಿಕೋತ ಹೋಗೇದ. ನಾವೂ ಹಂಗs ಹೋಗೂದು."

ನಮ್ಮ ಮಹಡಿಯ ನಡುವೆ ಲಿಫ್ಟು, ಕಸದ ಕೋಣೆ. ಸುತ್ತ ಓಣಿ, ಓಣಿಗೆ ಎಂಟು ಬಾಗಿಲು. ಅನಿ ಟೇಪು ಹಿಡಿದು ಅಳೆದಳು, ಒಂದು ಸುತ್ತು ಅರವತ್ತೈದು ಮೀಟರ್. ಮೂವತ್ತು ಸುತ್ತು ಹಾಕಿದರೆ ಅತ್ತೆಯ ಚಿತ್ರದ ರಸ್ತೆ ಹೆಚ್ಚೂಕಡಿಮೆ ಮುಗಿಯುತ್ತದೆ. ಅತ್ತೆ ಮಂಚದ ಮೇಲೆ ಕೂತು ಇಪ್ಪತ್ತು ಚೀಟಿ ಬರೆದರು. ಒಂದರಲ್ಲಿ ಹೊಳೆ, ಏಳರಲ್ಲಿ ಕಬ್ಬಿಣದ ಗೋಪುರ, ಎಂಟರಲ್ಲಿ ಕಮಾನು. ನಾವು ಗೋಡೆಗೆ ಅಂಟಿಸಿಕೊಂಡು ಹೋದೆವು. ನಮ್ಮದು ನಿಜಕ್ಕೂ ಹದಿನಾಲ್ಕನೇ ಮಹಡಿ. ಆದರೆ ಚೀನೀಯರಿಗೆ ನಾಲ್ಕು ಅಪಶಕುನ, ಸಾವಿನ ನಂಬರು. ಆದ್ದರಿಂದ ಲಿಫ್ಟಿನಲ್ಲಿ ಹದಿಮೂರಾದ ಮೇಲೆ ಹದಿಮೂರು-ಎ, ಆಮೇಲೆ ಹದಿನೈದು. ಅತ್ತೆ ಬಂದ ಮೊದಲ ದಿನ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈ ನಗು ಮುಂದೆ ನನಗೆ ಕೆಲಸಕ್ಕೆ ಬಂತು.

ನಾಲ್ಕನೇ ದಿನ ವಾಕಿಟಾಕಿ ಹಿಡಿದು ಗಾರ್ಡ್ ಬಂದ. ಓಣಿಯಲ್ಲಿ ಯಾರೂ ಓಡಾಡಕೂಡದೆಂದು ಆಡಳಿತದವರ ಅಪ್ಪಣೆ. "ಆಂಟಿ, ಕೆನಾಟ್ ಲಾ. ನೋ ವಾಕಿಂಗ್."

"ಐ ಆಮ್ ನಾಟ್ ವಾಕಿಂಗ್," ಅಂದರು ಅತ್ತೆ, ವಾಕರ್ ಮೇಲಿನ ಹಿಡಿತ ಬಿಡದೆ. "ಐ ಆಮ್ ಗೋಯಿಂಗ್ ಟು ಪ್ಯಾರಿಸ್."

ಗಾರ್ಡ್ ನನ್ನ ಮುಖ ನೋಡಿದ. ಮಿಸೆಸ್ ಟಾನ್ ಬಾಗಿಲು ಅರ್ಧ ತೆರೆದು, "ಲೆಟ್ ಹರ್ ಗೋ ಲಾ. ಶಿ ಪಾಸ್ ಮೈ ಡೋರ್, ದೆನ್ ಐ ನೋ ಟೈಮ್ ಟು ಕುಕ್ ರೈಸ್," ಅಂದರು. ನಾನು ಕೆಳಗೆ ಹೋಗಿ ಡಾಕ್ಟರ ಪತ್ರ ತೋರಿಸಿ ಒಂದು ಗಂಟೆ ಬಾಯಿ ಮಾಡಿದೆ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು, ಮಾಸ್ಕ್ ಹಾಕಿಕೊಂಡು, ಒಬ್ಬರೇ ಎಂದು ಒಪ್ಪಿಗೆ ಸಿಕ್ಕಿತು.

ಹಾಗೆ ನಡೆಯಿತು ಆ ಏಪ್ರಿಲ್, ಆ ಮೇ. ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಮೋಡ ಕವಿದು, ಎದುರಿನ ಕಟ್ಟಡವೇ ಕಾಣದಂತೆ ಮಳೆ ಸುರಿದು, ಐದಕ್ಕೆ ನಿಲ್ಲುತ್ತಿತ್ತು. ಮಳೆ ನಿಂತ ಕೂಡಲೇ ವಾಕರಿನ ಟಕ್ ಟಕ್ ಸದ್ದು. ಮೊದಲು ಅರ್ಧ ಸುತ್ತು, ಆಮೇಲೆ ಒಂದು, ಆಮೇಲೆ ಮೂರು. ನಾನು ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ನ ಅಂಗಡಿ ಮುಂದೆ ಬಿಸಿಲಿನಲ್ಲಿ ಸಾಲು ನಿಂತು ಜೋಳದ ಹಿಟ್ಟು ಹುಡುಕಿ ತರುತ್ತಿದ್ದೆ. "ಚೋಳ ಮಾವು ಯಾರಿಗಮ್ಮಾ?" ಎಂದು ಅಂಗಡಿಯ ತಮಿಳರವನು ಕೇಳಿದರೆ, ಪ್ಯಾರಿಸ್ಸಿಗೆ ಹೋಗುವವರಿಗೆ ಅನ್ನುತ್ತಿದ್ದೆ. ಅತ್ತೆ ರೊಟ್ಟಿ ತಿಂದು, ಕಾಲಿಗೆ ಎಣ್ಣೆ ಹಚ್ಚಿಸಿಕೊಂಡು, ಮರುದಿನ ಇನ್ನರ್ಧ ಸುತ್ತು ಹೆಚ್ಚು ನಡೆಯುತ್ತಿದ್ದರು. ನನಗೆ ಗೊತ್ತಿಲ್ಲದಂತೆ ನನಗೆ ಅವರ ಮೇಲೆ ಅಭಿಮಾನ ಬಂದುಬಿಟ್ಟಿತ್ತು. ಜೂನ್ ಹೊತ್ತಿಗೆ ವಾಕರ್ ಹೋಗಿ ಕೈಗೆ ಕೋಲು ಬಂತು. ಹತ್ತು ಸುತ್ತಾಯಿತು. ಗೆದ್ದೆವು ಅಂದುಕೊಂಡೆ.

ಶೆಟ್ಟಿ ಡಾಕ್ಟರಿಗೆ ತೋರಿಸಲೆಂದು ಅನಿ ಫೋನಿನಲ್ಲಿ ಅಜ್ಜಿ ನಡೆಯುವುದನ್ನು ಹಿಡಿದಳು. ಅವರು ನೋಡಿ ಫೋನು ಮಾಡಿದರು.

"ಇವರು ಬಲಕ್ಕೆ ವಾಲ್ತಾರಲ್ಲ," ಅಂದರು. "ದಿನಾ ಒಂದೇ ಬದಿಗೆ ತಿರುಗುವುದಾ?"

"ಹೌದು, ಪ್ರದಕ್ಷಿಣೆ ಥರ."

"ಅದೇ ತೊಂದರೆ ಮಾರಾಯ್ರೆ. ತಿರುಗುವಾಗೆಲ್ಲ ಭಾರ ಒಂದೇ ಕಡೆ ಬೀಳ್ತದೆ. ಹೀಗೇ ಬಿಟ್ರೆ ಸೊಂಟ ಸೊಟ್ಟವೇ ಕೂತುಬಿಡ್ತದೆ. ನಾಳೆಯಿಂದ ಅರ್ಧ ಉಲ್ಟಾ ನಡೀಲಿ."

ಎರಡು ತಿಂಗಳು ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ನನ್ನ ತಲೆಗೂ ಇದು ಹೊಳೆದಿರಲಿಲ್ಲ. ನಮ್ಮವರ ಕಣ್ಣಿಗೆ ಬಲಕ್ಕೆ ಸುತ್ತುವುದು ಎಷ್ಟು ಸಹಜವೆಂದರೆ, ಅದೊಂದು ದಿಕ್ಕು ಎಂಬುದೇ ನೆನಪಿರುವುದಿಲ್ಲ. ಅತ್ತೆ ಒಪ್ಪಲೇ ಇಲ್ಲ.

"ಅಪ್ರದಕ್ಷಿಣಿ ಮಸಣದಾಗ ಹಾಕತಾರ. ಬದುಕಿದವರ ಮನ್ಯಾಗ ಅಲ್ಲ."

"ನಡುವೆ ಇರೋದು ದೇವರೂ ಅಲ್ಲ, ಹೆಣವೂ ಅಲ್ಲ. ಕಸದ ಕೋಣೆ ಅತ್ತೆ."

"ಏನರ ಇರಲಿ. ನನ್ನ ಕಾಲು ಆ ಕಡಿ ಹೋಗಂಗಿಲ್ಲ."

"ನಾಲ್ಕಕ್ಕೆ ಹೆದರುವವರನ್ನ ನೋಡಿ ನಕ್ಕಿದ್ದಿರಲ್ಲ. ಅವರಿಗೆ ನಾಲ್ಕು, ನಿಮಗೆ ಎಡಗಡೆ. ಅಷ್ಟೇ ತಾನೆ?"

ಅತ್ತೆಗೆ ಇದು ಚುಚ್ಚಿತು. ಮೂರು ದಿನ ಮುಖ ಕೊಟ್ಟು ಮಾತಾಡಲಿಲ್ಲ. ನಾನೂ ಬಿಗಿದುಕೊಂಡೇ ಇದ್ದೆ. ಕೊನೆಗೆ ದಾರಿ ಮಾಡಿದವಳು ಅನಿ. ಕಮಾನಿನ ಸುತ್ತ ಇರುವ ದೊಡ್ಡ ವೃತ್ತದ ವಿಡಿಯೋ ಹುಡುಕಿ ಅಜ್ಜಿಯ ಮುಂದೆ ಹಿಡಿದಳು. ಹನ್ನೆರಡು ರಸ್ತೆಗಳಿಂದ ಕಾರುಗಳು ನುಗ್ಗಿ ಬಂದು ಕಮಾನನ್ನು ಸುತ್ತುತ್ತಿದ್ದವು. ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ಹಾಗಾಗಿ ಸುತ್ತುವುದೆಲ್ಲ ಉಲ್ಟಾ, ನಮ್ಮ ಲೆಕ್ಕದಲ್ಲಿ ಅಪ್ರದಕ್ಷಿಣೆ. ಅತ್ತೆ ಆ ವಿಡಿಯೋವನ್ನು ಮೂರು ಸಲ ನೋಡಿದರು.

"ದಿನಾ ಹಿಂಗs ಸುತ್ತತಾರ?"

"ಎವೆರಿ ಡೇ, ಅಜ್ಜಿ. ಆಲ್ ಆಫ್ ದೆಮ್."

"ಇಷ್ಟು ಮಂದಿ ಸುತ್ತಿನೂ ಊರು ಇನ್ನಾ ಅದ ಅಂದಮ್ಯಾಲೆ..." ಅಂದು ಕೋಲು ತೆಗೆದುಕೊಂಡರು. ಬಾಗಿಲಾಚೆ ಒಂದು ಕ್ಷಣ ನಿಂತು, ಕಣ್ಣು ಮುಚ್ಚಿ, ಏನೋ ಗೊಣಗಿಕೊಂಡು, ಉಲ್ಟಾ ದಿಕ್ಕಿಗೆ ಕಾಲಿಟ್ಟರು. ಇಪ್ಪತ್ತರಿಂದ ಒಂದಕ್ಕೆ.

ಇಪ್ಪತ್ತು ದಿನ ಹಾಗೆ ನಡೆದರು. ವಾಲುವುದು ಕಡಿಮೆಯಾಗತೊಡಗಿತ್ತು. ಜುಲೈಯಲ್ಲಿ ಒಂದು ಬೆಳಿಗ್ಗೆ ರಾಘು ಫೋನು ಮಾಡಿ, ಅಮ್ಮನಿಗೆ ಕೊಡಬೇಡ, ಮೊದಲು ನೀನು ಕೇಳು ಅಂದ. ಹುಬ್ಬಳ್ಳಿಯ ಗಂಗಕ್ಕ ಹೋಗಿದ್ದರು. ಅತ್ತೆಯ ಅಕ್ಕ, ಅವರನ್ನು ಎತ್ತಿ ಆಡಿಸಿ ಬೆಳೆಸಿದವರು. ಜ್ವರವೆಂದು ಆಸ್ಪತ್ರೆಗೆ ಸೇರಿದವರನ್ನು ಮತ್ತೆ ಯಾರೂ ನೋಡಲಿಲ್ಲ. ದೇಹ ಮನೆಗೆ ಕೊಡಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು, ಮಗನೂ ದೂರದಲ್ಲಿ ನಿಂತು ನೋಡಿದ್ದಷ್ಟೇ.

ನಾನು ಹೇಳಿದಾಗ ಅತ್ತೆ ಅಳಲಿಲ್ಲ. ಕೋಲನ್ನು ಮಡಚಿದ ಹಾಸಿಗೆಯ ಹಿಂದೆ ಇಟ್ಟರು.

"ನಾ ಉಲ್ಟಾ ಸುತ್ತಿದೆ. ಅದಕ್ಕs ಆತು," ಅಂದರು.

ಸುತ್ತಿಸಿದವಳು ನಾನೇ ಅಲ್ಲವೇ. ಅಲ್ಲ ಅತ್ತೆ, ಅದು ಕಾಯಿಲೆ, ಊರಲ್ಲೆಲ್ಲ ಆಗುತ್ತಿದೆ, ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಬಚ್ಚಲಿಗೆ ಹೋಗಲೂ ಮತ್ತೆ ವಾಕರ್ ಬಂತು. ತೊಡೆ ಸೊರಗಿತು. ಆರು ತಿಂಗಳಲ್ಲಿ ಉಳಿದದ್ದು ಒಂದೂವರೆ. ರಾಘು ಫೋನಿನಲ್ಲಿ, "ಬಿಡು ಸುಮಾ, ವೀಲ್‌ಚೇರ್ ತಗೊಳ್ಳೋಣ. ಯಾಕೆ ಅಮ್ಮಂಗೆ ಹಿಂಸೆ," ಅಂದ. ನನಗೆ ಎಲ್ಲಿತ್ತೋ ಸಿಟ್ಟು. ನೀನು ಅಲ್ಲಿ ಕೂತು ಮಾತಾಡಬೇಡ ಎಂದು ಫೋನಿಟ್ಟೆ.

ಅದೇ ಸಿಟ್ಟಿನಲ್ಲಿ ಅತ್ತೆಯ ಕೋಣೆಗೆ ಹೋಗಿ ಅವರ ಕುರ್ಚಿಯನ್ನು ಮುಂಬಾಗಿಲ ಬಳಿಗೆ ಎಳೆದು ಅವರನ್ನು ಕೂರಿಸಿದೆ. ಬಾಗಿಲು ಹಾರು ಹೊಡೆದೆ.

"ನಾನು ಸುತ್ತುತ್ತೀನಿ ಈಗ. ಉಲ್ಟಾ. ದಿನಾ ಮೂವತ್ತು. ನನಗೂ ಅಮ್ಮ ಇದ್ದಾರೆ ಮೈಸೂರಲ್ಲಿ, ಗಂಡ ಇದ್ದಾನೆ, ಇಲ್ಲಿ ಮಗಳಿದ್ದಾಳೆ. ಯಾರಿಗೆ ಏನಾಗುತ್ತೆ ನೋಡೇಬಿಡೋಣ. ನೀವೇ ಎಣಿಸಿ."

ಧೈರ್ಯದಿಂದ ಹೇಳಿದೆ ಅಂದುಕೊಳ್ಳಬೇಡಿ. ಮೊದಲ ಸುತ್ತು ಎಡಕ್ಕೆ ತಿರುಗುವಾಗ ಬಾಯಲ್ಲಿ ಕಸದ ಕೋಣೆ ಕಸದ ಕೋಣೆ ಅಂದುಕೊಳ್ಳುತ್ತಾ ನಡೆದೆ. ಸುತ್ತು ಮುಗಿಸಿ ಬಂದ ಮೇಲೆ ಅಮ್ಮನಿಗೆ ಫೋನು ಮಾಡಿ, ಊಟ ಆಯ್ತಾ ಎಂದು ಕೇಳಿದೆ. ದಿನಕ್ಕೆ ಮೂರು ಸಲ ಕೇಳಿದೆ. ಏನಾಗಿದೆಯೇ ನಿನಗೆ ಎಂದು ಅಮ್ಮ ಬೈದರು. ಅತ್ತೆ ಬಾಗಿಲಲ್ಲಿ ಕೂತು, ನನ್ನನ್ನು ನೋಡದೆ, ಬಾಗಿಲ ಚೌಕಟ್ಟನ್ನು ನೋಡುತ್ತಿದ್ದರು. ಎಂಟನೇ ದಿನ, ಒಂಬತ್ತನೇ ದಿನ, ಯಾರಿಗೂ ಏನೂ ಆಗಲಿಲ್ಲ. ಹತ್ತನೇ ದಿನ ಮಳೆ ನಿಂತ ಮೇಲೆ ಹನ್ನೆರಡನೇ ಸುತ್ತಿನಲ್ಲಿದ್ದೆ. ಹಿಂದಿನಿಂದ ಕೋಲಿನ ಸದ್ದು ಕೇಳಿಸಿತು.

"ಕಾಲು ಎತ್ತಿ ಇಡವಾ," ಅಂದರು ಅತ್ತೆ. "ಚಪ್ಪಲಿ ಎಳಕೋತ ನಡದ್ರ ನಡದಂಗಲ್ಲ. ಹತ್ತು ದಿನದಿಂದ ನೋಡಲಿಕ್ಕತ್ತೀನಿ."

ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆ. ಮಿಸೆಸ್ ಟಾನ್ ಅವರ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು.

ಸೆಪ್ಟೆಂಬರಿನಲ್ಲಿ ಅತ್ತೆ ಕೋಲಿಲ್ಲದೆ ಮೂವತ್ತು ಸುತ್ತು ಮುಗಿಸಿದರು, ಹದಿನೈದು ಬಲಕ್ಕೆ, ಹದಿನೈದು ಎಡಕ್ಕೆ. ಅದೇ ತಿಂಗಳು ರಾಘು ಬಂದ. ಹದಿನಾಲ್ಕು ದಿನ ಹೋಟೆಲಿನಲ್ಲಿ ಕ್ವಾರಂಟೈನ್ ಮುಗಿಸಿ ಲಿಫ್ಟಿನಿಂದ ಹೊರಬಂದವನ ಎದುರಿಗೆ ಅವನ ತಾಯಿ ನಡೆದು ಬಂದು, "ದಾರಿ ಬಿಡೋ, ಇನ್ನೂ ಆರು ಸುತ್ತು ಅವ," ಎಂದು ಹಾದು ಹೋದರು.

ಊರುಗಳು ತೆರೆದುಕೊಳ್ಳಲು ಮತ್ತೆ ಎರಡು ವರ್ಷ ಹಿಡಿಯಿತು. ನಡುವೆ ಅತ್ತೆ ಧಾರವಾಡಕ್ಕೆ ಹೋದರು, ಅಲ್ಲಿ ತಾರಸಿಯ ಮೇಲೆ ಎರಡೂ ದಿಕ್ಕಿಗೆ ನಡೆದರು. ಕೊನೆಗೆ ಒಂದು ಅಕ್ಟೋಬರಿನಲ್ಲಿ ನಾಲ್ವರೂ ಹೊರಟೆವು. ರಾಘು ಹೇಳದೆ ಕೇಳದೆ ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಹೇಳಿಟ್ಟಿದ್ದ. ಅತ್ತೆ ಅದರೊಳಗೆ ತಮ್ಮ ಬ್ಯಾಗು ಕೂರಿಸಿ, ತಳ್ಳುವವನ ಪಕ್ಕದಲ್ಲಿ ಮಾತಾಡಿಕೊಂಡು ನಡೆದರು.

ಪ್ಯಾರಿಸ್ಸಿನಲ್ಲಿ ಎಲ್ಲರೂ ನೋಡುವುದನ್ನು ನಾವೂ ನೋಡಿದೆವು. ಗೋಪುರ ನೋಡಿದೆವು, ಹೊಳೆಯಲ್ಲಿ ದೋಣಿ ಹತ್ತಿದೆವು, ಚಿತ್ರಗಳ ಅರಮನೆಯಲ್ಲಿ ಕಾಲು ಸೋಲುವಷ್ಟು ತಿರುಗಿದೆವು. ಮೂರನೇ ದಿನ ಬೆಳಿಗ್ಗೆ ಆ ರಸ್ತೆಯ ಕೆಳತುದಿಯಲ್ಲಿ ನಿಂತೆವು. ಎರಡೂ ಕಡೆ ಮರಗಳು, ಎಲೆಗಳು ಹಳದಿಯಾಗಿದ್ದವು. ದೂರದಲ್ಲಿ ಕಮಾನು, ಅಷ್ಟೇ ಅಷ್ಟು. ಅತ್ತೆ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಚಾಚಿ ಅದನ್ನು ಅಳೆದರು. "ಸರಿ ಬರದಿದ್ದೆ," ಅಂದರು, ಮತ್ತು ಹೊರಟರು.

ರಸ್ತೆ ಏರು. ಓಣಿಯಲ್ಲಿ ಏರು ಇರಲಿಲ್ಲ. ಅರ್ಧ ದಾರಿಗೆ ಅವರ ಉಸಿರು ಕೇಳಿಸತೊಡಗಿತು. ಟ್ಯಾಕ್ಸಿ ಎಂದು ರಾಘು ಬಾಯಿ ತೆರೆದ, ನಾನು ಅವನನ್ನು ದುರುಗುಟ್ಟಿ ನೋಡಿದೆ. ಅತ್ತೆ ಮರದಿಂದ ಮರಕ್ಕೆ ನಿಂತು ನಡೆದರು. ಕಮಾನು ದೊಡ್ಡದಾಗುತ್ತಾ ಹೋಯಿತು. ವೃತ್ತದ ಅಡಿಯ ಸುರಂಗದ ಮೆಟ್ಟಿಲಿಳಿದು, ಮತ್ತೆ ಹತ್ತಿ, ಅದರ ಬುಡದಲ್ಲಿ ತಲೆ ಎತ್ತಿ ನಿಂತಾಗ ಅದು ಆಕಾಶವನ್ನೇ ಮುಚ್ಚಿತ್ತು. ಅತ್ತೆ ಹಿಂದಿರುಗಿ ನೋಡಿದರು. ನಾವು ಹೊರಟ ಜಾಗ ಈಗ ಬರೀ ಒಂದು ಚುಕ್ಕಿ.

ಅವರು ಬಲಕ್ಕೆ ತಿರುಗಿ ಕಮಾನಿಗೆ ಪ್ರದಕ್ಷಿಣೆ ಬಂದರು. ಆಚೆ ಕಾರುಗಳು ಎಡಕ್ಕೆ ಸುತ್ತುತ್ತಿದ್ದವು. ಬಂದು ಕಮಾನಿನ ಅಡಿಗೆ ನಿಂತರೆ, ನೆಲದಲ್ಲಿ ಒಂದು ಕಲ್ಲು, ಸುತ್ತ ಸರಪಳಿ, ಹೂವು, ನಡುವೆ ಉರಿಯುವ ಬೆಂಕಿ. ಅದು ಅಲ್ಲಿದೆಯೆಂದು ನಮಗ್ಯಾರಿಗೂ ತಿಳಿದಿರಲಿಲ್ಲ. ಅನಿ ಬರಹ ಓದಿ ಹೇಳಿದಳು. ಯುದ್ಧದಲ್ಲಿ ಸತ್ತ ಒಬ್ಬ ಸೈನಿಕ, ಹೆಸರು ಗೊತ್ತಿಲ್ಲ, ಮನೆಯವರು ಯಾರೋ ಗೊತ್ತಿಲ್ಲ.

"ಯಾರಿಗೂ ಮಾರಿ ನೋಡಲಿಕ್ಕೆ ಸಿಗಲಿಲ್ಲ ಅನ್ನು," ಅಂದರು ಅತ್ತೆ.

ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಸರಪಳಿಯ ಸುತ್ತ ಎಡಕ್ಕೆ ನಡೆಯತೊಡಗಿದರು. ರಾಘು ಗಾಬರಿಯಾಗಿ, "ಅಮ್ಮಾ, ಆ ಕಡೆ ಅಲ್ಲ," ಅಂದ.

"ಈ ಕಡೀನs. ಹೆಂಗಸರು ಸುತ್ತಂಗಿಲ್ಲ, ಅದೂ ಗೊತ್ತದ ನನಗ. ಗಂಗಕ್ಕಗ ಅವತ್ತು ಯಾರೂ ಸುತ್ತಲಿಲ್ಲ."

ಮೂರು ಸುತ್ತು. ನೆಟ್ಟಗೆ, ಯಾವ ಕಡೆಗೂ ವಾಲದೆ. ಹೊಸ ಶೂ ಕಚ್ಚಿ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಶೂ ಕಳಚಿ ನಾನೂ ಅವರ ಹಿಂದೆ ಹೋದೆ.

"ಸುಮಾ," ಅಂದರು ಅತ್ತೆ, ತಿರುಗಿ ನೋಡದೆ. "ಕಾಲು ಎತ್ತಿ ಇಡವಾ."